ಎರಡನೇ ಸಲ ಹೇಳುವ ಬಗೆ

ಏಳೆಂಟು ವರ್ಷಗಳ ಹಿಂದೆ ನಾನು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮಕ್ಕಳೇ ಹೆಚ್ಚಾಗಿ ಬರುವ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಅಧ್ಯಾಪಕನಾಗಿದ್ದೆ. ಮೆಕ್ಯಾನಿಕಲ್ ವಿಭಾಗದ ಮಹಬೂಬ್ ಸರ್ ನನ್ನ ಗೆಳೆಯರು, ಗೋಕಾಕದವರು. ಒಂದು ಶುಕ್ರವಾರ ಅವರು ಕ್ಯಾವಿಟೇಶನ್ ಪಾಠ ಮಾಡುತ್ತಿದ್ದರು. ಪಂಪಿನೊಳಗೆ ಒತ್ತಡ ತೀರಾ ಇಳಿದಾಗ ನೀರಿನಲ್ಲಿ ಆವಿಯ ಗುಳ್ಳೆಗಳೆದ್ದು, ಒಡೆದು, ಲೋಹವನ್ನೇ ಕೊರೆಯುತ್ತವೆ, ಅದೇ ಕ್ಯಾವಿಟೇಶನ್. ಕಾರಿಡಾರಿನಲ್ಲಿ ಹೋಗುತ್ತಿದ್ದ ನನಗೆ ಅವರ ದನಿ ಕೇಳಿಸಿತು.

"ಬೆಲ್ಲದ ಕೊಪ್ಪರಿಗಿ ನೋಡೀರಿಲ್ಲೋ? ಅದಕ್ಕ ಬೆಂಕಿ ಬೇಕು. ಪಂಪಿನ್ಯಾಗ ಬೆಂಕಿ ಇಲ್ದನ ನೀರು ಕುದೀತೈತಿ. ಯಾಕ? ಹಿಂದಿನ ಬೆಂಚಿನವರು ಯಾರರ ಎದ್ದು ಹೇಳ್ರಿ ನೋಡೂಣು."

ಪಾಠದ ನಡುವೆ ಒಬ್ಬರನ್ನು ಎಬ್ಬಿಸಿ, ತಿಳಿದದ್ದನ್ನು ಅವರದೇ ಮಾತಿನಲ್ಲಿ ಉಳಿದವರಿಗೆ ಹೇಳಿಸುವುದು ಸರ್ ಅವರ ಪದ್ಧತಿ. ಹೇಳಲು ಬಾರದಿದ್ದರೆ ತಪ್ಪು ತಮ್ಮದೇ ಎಂದುಕೊಂಡು, ಇನ್ನೊಂದು ಬಗೆಯಲ್ಲಿ ಮತ್ತೆ ಶುರುಮಾಡುತ್ತಿದ್ದರು.

ಸೋಮವಾರ ಆಡಳಿತ ಮಂಡಳಿಯ ಆದೇಶ ಬಂತು: ಇನ್ನು ತರಗತಿಯಲ್ಲಿ ಇಂಗ್ಲಿಷ್ ಮಾತ್ರ. ಕೆಲಸದ ಸಂದರ್ಶನದಲ್ಲಿ ನಮ್ಮ ಮಕ್ಕಳು ಬಾಯಿ ಬಿಡುವುದಿಲ್ಲ ಎಂಬ ಕಾರಣ ಸುಳ್ಳಾಗಿರಲಿಲ್ಲ. ನಮಗೆ ಒಂದು ವಾರದ ತರಬೇತಿಯೂ ಆಯಿತು. ಹೊರಗಿನಿಂದ ಬಂದ ತರಬೇತುದಾರರು ಉಚ್ಚಾರಣೆ ತಿದ್ದಿದರು, ಸ್ಲೈಡ್ ಮಾಡುವುದನ್ನು ಕಲಿಸಿದರು. ಕೊನೆಯ ದಿನ ಮಹಬೂಬ್ ಸರ್ ಎದ್ದು ಕೇಳಿದರು: "ಮೇಡಂ, ಹುಡುಗರಿಗೆ ತಿಳೀಲಿಲ್ಲ ಅಂದ್ರ ಅದನ್ನ ಇಂಗ್ಲಿಷಿನ್ಯಾಗ ಬ್ಯಾರೆ ನಮೂನಿ ಹೆಂಗ ಹೇಳಬೇಕ್ರಿ?"

"ನಿಧಾನವಾಗಿ ಇನ್ನೊಮ್ಮೆ ಹೇಳಿ ಸರ್," ಎಂದರು ಅವರು.

ಸರ್ ಹಾಗೇ ಮಾಡಿದರು. ಅದೇ ವಾಕ್ಯ, ನಿಧಾನವಾಗಿ, ಮತ್ತೆ ಮತ್ತೆ. ಕೊನೆಗೆ ದಡ್ಡಿ ಎಂಬ ಊರಿನ ಹುಡುಗಿಯೊಬ್ಬಳು, "ಕೇಳಿಸ್ತ್ರಿ ಸರ. ತಿಳೀಲಿಲ್ರಿ," ಎಂದಳಂತೆ. ಅದನ್ನು ನನಗೆ ಹೇಳುವಾಗ ಅವರು ನಗುತ್ತಿದ್ದರು. ಮರುದಿನದಿಂದ ಯಾರನ್ನೂ ಎಬ್ಬಿಸಲಿಲ್ಲ.

"ಇಷ್ಟ ವರ್ಷ ಮಾಸ್ತರಕಿ ಮಾಡೇನ್ರಿ ಈರಣ್ಣ ಸರ. ಈಗ ರೇಡಿಯೋ ಆಗೇನಿ," ಎಂದರು ನನಗೆ.

ಆಮೇಲೆ ನಾವಿಬ್ಬರೂ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂರತೊಡಗಿದೆವು. ಮಕ್ಕಳ ಮುಖ ಎಲ್ಲಿ ಮಂಕಾಯಿತೆಂದು ನೋಡಿಕೊಂಡು, ಶನಿವಾರ ಮಧ್ಯಾಹ್ನ ಆ ಭಾಗವನ್ನೇ ಇಂಗ್ಲಿಷಿನಲ್ಲಿ ಬೇರೆ ಬೇರೆ ಬಗೆಯಾಗಿ ಹೇಳಿ ನೋಡುತ್ತಿದ್ದೆವು.

"ನಿಮ್ಮ ಇಂಗ್ಲಿಷ್ ಕೇಳಿ ಮೋಟರ್ ಸುಟ್ಟುಹೋಗತೈತ್ರಿ," ಎಂದು ಅವರು ಛೇಡಿಸುವರು.

"ನಿಮ್ಮ ಪಂಪಿಗೆ ಜೋಡಿಸಿದ್ವಲ್ರಿ, ಅದಕ್ಕ ಸುಟ್ಟೈತಿ," ಎನ್ನುತ್ತಿದ್ದೆ.

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಸರ್ ತರಗತಿಯಲ್ಲಿ ದಡ್ಡಿಯ ಆ ಹುಡುಗಿಯೇ ಎದ್ದು, ತಡವರಿಸುತ್ತ, ಪಾಠವನ್ನು ನಾಲ್ಕು ಮಾತಿನಲ್ಲಿ ಇಂಗ್ಲಿಷಿನಲ್ಲೇ ವಿವರಿಸಿದಳು. ಪಕ್ಕದವನು, "ಈಗ ತಿಳೀತು ನೋಡು," ಎಂದ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಸರ್ ಮುಖ ತಿರುಗಿಸಿ ಬೋರ್ಡು ಒರೆಸತೊಡಗಿದರು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ.

ಮುಂದಿನ ವಾರ ಅವರು ಹೃದಯಾಘಾತದಿಂದ ತೀರಿಕೊಂಡರು. ಐವತ್ತೂ ಆಗಿರಲಿಲ್ಲ.

ಶನಿವಾರದ ಕೆಲಸ ಮುಂದುವರಿಸಲು ಬೇರೆಯವರನ್ನು ಕೇಳಿದೆ. ಸಹೋದ್ಯೋಗಿ ಬಂದು ಹಿಂದೆ ಕೂರುವುದೆಂದರೆ ತಪಾಸಣೆ ಎಂದೇ ಎಲ್ಲರ ಅಳುಕು; ಯಾರೂ ಒಪ್ಪಲಿಲ್ಲ. ಪ್ರಾಂಶುಪಾಲರಿಗೂ ಹೇಳಿದೆ: ಭಾಷೆ ಕಲಿಸುವವರ ಜೊತೆ ವಿಷಯ ಬಲ್ಲವರೊಬ್ಬರು ಬರಲಿ, ಇಬ್ಬರೂ ನಮ್ಮ ಪಾಠ ಕೂತು ಕೇಳಲಿ.

"ನೋಡೂಣ್ರಿ," ಎಂದರು. ನಾನು ನನ್ನ ನಿವೃತ್ತಿಯವರೆಗೂ ನೋಡಿದೆ.

ಇಂಗ್ಲಿಷ್ ಬರುವುದು ಬೇರೆ, ಇಂಗ್ಲಿಷಿನಲ್ಲಿ ಕಲಿಸುವುದು ಬೇರೆ. ಎರಡನೆಯದನ್ನೂ ಕಲಿಯಬೇಕಾಗುತ್ತದೆ ಎಂಬುದು ಈ ವೃತ್ತಿಯಿಂದ ನನಗೆ ತಿಳಿದದ್ದು. ಕಳೆದ ತಿಂಗಳು ಕಾಲೇಜಿಗೆ ಹೋಗಿದ್ದೆ. ಹೊಸ ಅಧ್ಯಾಪಕರ ಇಂಗ್ಲಿಷ್ ನಮ್ಮದಕ್ಕಿಂತ ಚೆನ್ನಾಗಿದೆ. ಉಚ್ಚಾರಣೆಯ ತರಬೇತಿ ಪ್ರತಿ ವರ್ಷ ನಡೆಯುತ್ತದೆಯಂತೆ. ಅವರ ಪಾಠ ಕೂತು ಕೇಳಿ, ಎಲ್ಲಿ ತಿಳಿಯಲಿಲ್ಲ ಎಂದು ಹೇಳುವವರು ಇನ್ನೂ ಯಾರೂ ಇಲ್ಲ.