ಗೂಳಿಯಕ್ಕನ ತಲೆಕೆಳಗಾದ ಪಟ್ಟಿ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಗೂಳಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂದು ವರ್ಷದ ಕೆಲಸದಲ್ಲಿ ಒಂದೇ ಒಂದು ಗೂಳಿಯನ್ನೂ ಅವಳು ಮುಟ್ಟಿದವಳಲ್ಲ. ಒಮ್ಮೆ ಸಾಕಣೆ ಕೇಂದ್ರಕ್ಕೆ ಹೋಗಿದ್ದಾಗ ಬೇಲಿಯಾಚೆ ನಿಂತಿದ್ದ ಗೂಳಿಯೊಂದು ಮೂಗರಳಿಸಿ ಬುಸ್ಸೆಂದದ್ದಕ್ಕೇ ಚಪ್ಪಲಿ ಬಿಟ್ಟು ಓಡಿಬಂದಿದ್ದಳು. ಆ ಪ್ರಸಂಗವನ್ನು ಆಫೀಸಿನ ಡ್ರೈವರು ಹೊಸಬರು ಬಂದಾಗಲೆಲ್ಲ ಅಭಿನಯಿಸಿ ತೋರಿಸುತ್ತಿದ್ದ. ಅವಳ ಪಾಲಿಗೆ ಗೂಳಿಯೆಂದರೆ ಕಂಪ್ಯೂಟರಿನ ಪರದೆಯ ಮೇಲಿನ ಒಂದು ಸಾಲು: ಒಂದು ನಂಬರು, ಹುಟ್ಟಿದ ವರ್ಷ, ಯಾವ ದೇಶದಲ್ಲಿ ಎಷ್ಟು ಹೆಣ್ಣುಮಕ್ಕಳು.

ಗೂಳಿ ತಾನಿದ್ದಲ್ಲೇ ಇರುತ್ತದೆ. ಅದರ ವೀರ್ಯ ಮಾತ್ರ ಸಣ್ಣ ಕಡ್ಡಿಗಳಲ್ಲಿ ಹೆಪ್ಪುಗಟ್ಟಿ ಹತ್ತಾರು ದೇಶಗಳಿಗೆ ಹೋಗುತ್ತದೆ, ಮುಂದೆ ಅಲ್ಲೆಲ್ಲ ಅದರ ಹೆಣ್ಣುಮಕ್ಕಳು ಕೊಟ್ಟಿಗೆ ತುಂಬುತ್ತವೆ. ಬಹಳ ಕಾಲ ಜನ ಹಾಲೊಂದನ್ನೇ ನೋಡಿ ಗೂಳಿ ಆರಿಸಿದರು. ಕೆಚ್ಚಲೇನೋ ತುಂಬಿತು, ಆದರೆ ಹಸುಗಳಿಗೆ ಗಬ್ಬ ನಿಲ್ಲುವುದೇ ಕಷ್ಟವಾಗುತ್ತ ಹೋಯಿತು. ಆಮೇಲೆ ಎಲ್ಲರಿಗೂ ಜ್ಞಾನೋದಯವಾಗಿ, ಈ ಗೂಳಿಯ ಹೆಣ್ಣುಮಕ್ಕಳು ಸಲೀಸಾಗಿ ಗಬ್ಬ ಕಟ್ಟುತ್ತವೆಯೇ ಎಂದು ಕೇಳತೊಡಗಿದರು. ಒಂದು ದೇಶ ಅದನ್ನು ದಿನಗಳಲ್ಲಿ ಅಳೆಯುತ್ತಿತ್ತು: ಕರು ಹಾಕಿದ ಮೇಲೆ ಮತ್ತೆ ಗಬ್ಬವಾಗಲು ಎಷ್ಟು ದಿನ? ಅಲ್ಲಿ ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು. ಇನ್ನೊಂದು ದೇಶ, ಮೊದಲ ಸಲಕ್ಕೇ ನಿಂತದ್ದು ನೂರಕ್ಕೆ ಎಷ್ಟು ಎನ್ನುತ್ತಿತ್ತು. ಅಲ್ಲಿ ದೊಡ್ಡದಾದಷ್ಟೂ ಒಳ್ಳೆಯದು. ಇವನ್ನೆಲ್ಲ ಒಂದೇ ತಕ್ಕಡಿಗೆ ತಂದು, ವರ್ಷಕ್ಕೆ ಮೂರು ಸಲ ಗೂಳಿಗಳ ಪಟ್ಟಿ ಹೊರಡಿಸುವುದು ಗೂಳಿಯಕ್ಕನ ಕೆಲಸ. ಅವಳ ಸಹಿಯಿಲ್ಲದೆ ಪಟ್ಟಿ ಹೊರಬೀಳುವಂತಿರಲಿಲ್ಲ.

ಈ ಕೆಲಸದ ರುಚಿ ಹತ್ತಿದ್ದು ಅಪ್ಪನಿಂದ. ಅಪ್ಪ ಸೈಕಲ್ಲಿನ ಹಿಂದೆ ತಣ್ಣನೆಯ ಡಬ್ಬಿ ಕಟ್ಟಿಕೊಂಡು ಮನೆಮನೆಗೆ ಹೋಗಿ ಹಸುಗಳಿಗೆ ಗರ್ಭಧಾರಣೆ ಮಾಡುತ್ತಿದ್ದ. ಅಪ್ಪನ ಅಕ್ಷರ ಅವನಿಗೇ ಓದಲು ಬರುತ್ತಿರಲಿಲ್ಲವಾದ್ದರಿಂದ ಪುಸ್ತಕ ಬರೆಯುವುದು ಮಗಳ ಪಾಲಿಗೆ ಬಂತು. ಕೊನೆಯ ಕಾಲಮ್ಮಿನಲ್ಲಿ ‘ಮತ್ತೆ ಬೆದೆಗೆ ಬಂತೇ?’ ಎಂದಿರುತ್ತಿತ್ತು. “ಬಂದ್ರೆ ಸೋತ್ವಿ, ಬರ್ಲಿಲ್ಲ ಅಂದ್ರೆ ಗೆದ್ವಿ, ಅಷ್ಟೇ ಮಗಾ,” ಎನ್ನುತ್ತಿದ್ದ ಅಪ್ಪ. ಅಣ್ಣನಿಗೆ ಪುಸ್ತಕ ಬೇಡವಾಗಿತ್ತು, ಹಸು ಬೇಕಿತ್ತು. ಅವನೀಗ ಪಟ್ಟಣದಂಚಿನಲ್ಲಿ ಮೂವತ್ತು ಹಸು ಕಟ್ಟಿಕೊಂಡು, ತಂಗಿ ಹೇಳಿದ ಗೂಳಿ ಬಿಟ್ಟು ಬೇರೆಯದರ ಕಡ್ಡಿ ಮುಟ್ಟಿದವನಲ್ಲ.

ಆ ಗುರುವಾರ ಸಂಜೆ ನಾಲ್ಕಕ್ಕೆ ಹೊಸ ಪಟ್ಟಿ ಹೊರಡಬೇಕಿತ್ತು. ಆಫೀಸಿನ ಕೆಳಗಿನ ಸಭಾಂಗಣಕ್ಕೆ ಇನ್ನೂರು ಜನ ಹಸು ಸಾಕುವವರು ಬರುವವರಿದ್ದರು. ಅಣ್ಣನೂ ಬರುವವನಿದ್ದ. ಬೆಳಗ್ಗೆ ಒಂಬತ್ತಕ್ಕೇ ಅವನ ಫೋನು.

“ಏ ಮರೀ, ನಿನ್ನ ನಲವತ್ತೇಳನೇ ನಂಬರ್ ಗೂಳಿ ಏನೇ ಅದು! ಡಾಕ್ಟ್ರು ಈಗಷ್ಟೇ ನೋಡಿ ಹೋದ್ರು. ಒಂಬತ್ತಕ್ಕೆ ಒಂಬತ್ತೂ ಗಬ್ಬ!”

“ಅದು ಗೂಳಿಯ ಸ್ವಂತ ಗುಣ ಅಣ್ಣಾ. ಅದರ ಹೆಣ್ಣುಮಕ್ಕಳು ಗಬ್ಬ ಕಟ್ಟೋ ಗುಣ ಬೇರೆ, ಅದಕ್ಕಿನ್ನೂ ಮೂರು ವರ್ಷ ಕಾಯ್ಬೇಕು.”

“ನೋಡು, ಖುಷೀಲಿ ಫೋನ್ ಮಾಡಿದ್ರೆ ಪಾಠ ಶುರು ಮಾಡ್ತಾಳೆ,” ಎಂದು ನಕ್ಕು ಇಟ್ಟ.

ನಲವತ್ತೇಳು ಕಳೆದ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿತ್ತು. ಅದರ ಹೆಣ್ಣುಮಕ್ಕಳು ಹೆಚ್ಚಾಗಿ ಇದ್ದದ್ದು ಉತ್ತರದ ಒಂದು ಚಳಿಯ ದೇಶದಲ್ಲಿ. ಗೂಳಿಯಕ್ಕ ಸಹಿಗೆ ಮೊದಲು ಎಂದಿನ ಕೊನೆಯ ಪರೀಕ್ಷೆಗೆ ಕೂತಳು. ಆ ದೇಶದಲ್ಲೂ ಇಲ್ಲೂ ಹೆಣ್ಣುಮಕ್ಕಳಿರುವ ಗೂಳಿಗಳನ್ನು ಹಿಡಿದು, ಅಲ್ಲಿಯ ಅಂಕಿಯೂ ಇಲ್ಲಿಯ ಅಂಕಿಯೂ ಒಂದೇ ಮಾತು ಹೇಳುತ್ತವೆಯೇ ಎಂದು ನೋಡುವುದು ಆ ಪರೀಕ್ಷೆ. ಹಿಂದೆಲ್ಲ ನೂರಕ್ಕೆ ಎಂಬತ್ತರಷ್ಟು ಹೊಂದುತ್ತಿತ್ತು. ಕಳೆದ ಸಲ ಅರವತ್ತಕ್ಕೆ ಇಳಿದಿತ್ತು. ಇಂದು ಮೂವತ್ತು.

ಅವಳು ನಿರ್ದೇಶಕರ ಕೋಣೆಗೆ ಹೋದಳು. ಅವರು ಕನ್ನಡಿಯ ಮುಂದೆ ನಿಂತು ಸಂಜೆಯ ಭಾಷಣವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು.

“ಇದಕ್ಯಾಕೆ ಇಷ್ಟು ಗಾಬರಿ ಮೇಡಂ? ಕಳೆದ ಸಲ ನೀವೇ ಬರೆದಿದ್ರಿ, ‘ಹವಾಮಾನ, ಮೇವುಗಳ ವ್ಯತ್ಯಾಸ ಇರಬಹುದು’ ಅಂತ. ಚಳಿ ಜಾಸ್ತಿಯಾಗಿರತ್ತೆ ಬಿಡಿ.”

ತನ್ನದೇ ವಾಕ್ಯ ತನ್ನ ಕೆನ್ನೆಗೆ ಬಾರಿಸಿದಂತಾಯಿತು ಅವಳಿಗೆ. ಅದನ್ನು ಬರೆಯುವಾಗಲೂ ಮನಸ್ಸಿನ ಮೂಲೆಯಲ್ಲಿ ಏನೋ ಕುಟುಕಿತ್ತು. ಆದರೆ ಅಂದು ಕೊನೆಯ ದಿನ, ಕೆಲಸದ ಗಡಿಬಿಡಿ. ಕುಟುಕಿದ್ದನ್ನು ಅಲ್ಲೇ ಒರೆಸಿಹಾಕಿದ್ದಳು.

ವಾಪಸು ಬಂದು ಬಾಗಿಲು ಹಾಕಿಕೊಂಡಳು. ಚಹಾ ತಂದವನು ಕಪ್ಪಿಟ್ಟು ಹೋದದ್ದು ಅವಳಿಗೆ ತಿಳಿಯಲೇ ಇಲ್ಲ. ಹೆಣ್ಣುಮಕ್ಕಳ ಸಂಖ್ಯೆ ನೋಡಿ ಬೇರ್ಪಡಿಸಿದಳು, ಏನೂ ಸಿಗಲಿಲ್ಲ. ತಳಿ ನೋಡಿ ಬೇರ್ಪಡಿಸಿದಳು, ಇಲ್ಲ. ಕೊನೆಗೆ ಹುಟ್ಟಿದ ವರ್ಷ ನೋಡಿ ಹಳೆಯ ಗೂಳಿಗಳಿಗೆ ಕಪ್ಪು ಚುಕ್ಕಿ, ಹೊಸ ಗೂಳಿಗಳಿಗೆ ಕೆಂಪು ಚುಕ್ಕಿ ಹಾಕಿ ಪರದೆಗೆ ತಂದಳು. ಕಪ್ಪು ಚುಕ್ಕಿಗಳು ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೆ ಹೋಗಿದ್ದವು. ಕೆಂಪು ಚುಕ್ಕಿಗಳು ಅಷ್ಟೇ ಶಿಸ್ತಾಗಿ ಕೆಳಕ್ಕೆ ಇಳಿದಿದ್ದವು. ಎರಡನ್ನೂ ಒಟ್ಟಿಗೆ ನೋಡಿದಾಗ ಒಂದು ಇನ್ನೊಂದನ್ನು ನುಂಗಿ, ಬರೀ ಗೊಂದಲವಷ್ಟೇ ಕಾಣುತ್ತಿತ್ತು.

ಚಳಿಯ ದೇಶದಲ್ಲಿ ತನ್ನದೇ ಕೆಲಸ ಮಾಡುವ ಹಿರಿಯ ಪಶುವೈದ್ಯೆಗೆ ಫೋನು ಹಚ್ಚಿದಳು.

“ನಿಮ್ಮ ಹೊಸ ಗೂಳಿಗಳ ಅಂಕಿ ದಿನದ ಲೆಕ್ಕವೇ ಅಲ್ವಾ?”

“ಅಲ್ಲಮ್ಮಾ! ಐದು ತಿಂಗಳಿಂದ ಹೊಸ ಗೂಳಿಗಳನ್ನ ನೂರಕ್ಕಿಷ್ಟು ಅಂತ ಕಳಿಸ್ತಿದೀವಿ. ಹಳೇವು ಮಾತ್ರ ದಿನದ ಲೆಕ್ಕ. ಪತ್ರ ಬರೆದಿದ್ದೆನಲ್ಲ? ‘ತಲುಪಿತು, ಧನ್ಯವಾದ’ ಅಂತ ನೀವೇ ಉತ್ತರ ಕೊಟ್ಟಿದೀರಿ.”

ಹುಡುಕಿದಳು. ಪತ್ರವಿತ್ತು. ಉತ್ತರವೂ ಇತ್ತು. ಆಮೇಲೆ ಮಾಡೋಣವೆಂದು ತೆಗೆದಿಟ್ಟು ಮರೆತಿದ್ದಳು. ಆ ದೇಶದಿಂದ ಬಂದದ್ದನ್ನೆಲ್ಲ ತಿರುವುಮುರುವು ಮಾಡಿ ಒಳಗೆ ಬಿಡುವ ಪ್ರೋಗ್ರಾಮನ್ನು ಬರೆದವಳೂ ಅವಳೇ. ಚಿಕ್ಕದು ಒಳ್ಳೆಯದೆಂದು ಅದು ನಂಬಿಕೊಂಡಿತ್ತು. ಹಾಗಾಗಿ ಆ ದೇಶದ ಹೊಸ ಗೂಳಿಗಳಲ್ಲಿ ಯಾವುದರ ಹೆಣ್ಣುಮಕ್ಕಳು ಎಲ್ಲಕ್ಕಿಂತ ಕಷ್ಟದಲ್ಲಿ ಗಬ್ಬ ಕಟ್ಟುತ್ತವೋ ಅದನ್ನೇ ಹೊತ್ತು ತಂದು ಪಟ್ಟಿಯ ನೆತ್ತಿಯ ಮೇಲೆ ಕೂರಿಸಿತ್ತು. ಸರಿಪಡಿಸಿ ಓಡಿಸಿ ನೋಡಿದಳು. ಎರಡನೆಯ ಸ್ಥಾನದಲ್ಲಿದ್ದ ನಲವತ್ತೇಳು ಕೊನೆಯಿಂದ ಹದಿನಾಲ್ಕನೆಯದಾಯಿತು.

ಗಂಟೆ ಎರಡೂವರೆ.

ನಿರ್ದೇಶಕರು ಪೂರ್ತಿ ಕೇಳಿ, ಎದ್ದು ಹೋಗಿ ಬಾಗಿಲ ಚಿಲಕ ಹಾಕಿಕೊಂಡರು.

“ಈಗ ಈ ಪಟ್ಟಿ ಸರಿ ಇದೆ ತಾನೇ?”

“ಇದು ಸರಿ ಇದೆ ಸರ್. ಹೋದದ್ದು ತಪ್ಪು. ನಾಲ್ಕು ತಿಂಗಳಿಂದ ಜನ ಅದನ್ನೇ ನಂಬಿ ಕಡ್ಡಿ ಹಾಕಿಸಿದಾರೆ.”

“ಹಾಗಾದ್ರೆ ಇದನ್ನ ಬಿಡಿ. ಕೆಲವು ಗೂಳಿಗಳ ಸ್ಥಾನ ಬದಲಾಗಿದೆ ಅಂತ ಒಂದು ಮಾತು ಹೇಳಿದ್ರಾಯ್ತು. ಪ್ರತಿ ಸಲ ಬದಲಾಗ್ತಾನೇ ಇರತ್ತಲ್ಲ.”

“ಎರಡರಿಂದ ಕೊನೆಗಾ ಸರ್?”

“ನೋಡಿ ಮೇಡಂ, ಆ ಕರುಗಳು ಹುಟ್ಟಿ, ಕಡಸಾಗಿ, ಬೆದೆಗೆ ಬಂದು, ಗಬ್ಬ ನಿಲ್ಲಲಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಮೂರು ವರ್ಷ. ಯಾರು ನೆನಪಿಟ್ಟಿರ್ತಾರೆ? ಮೇವು ಸರಿಯಿಲ್ಲ ಅಂತಾರೆ, ಡಾಕ್ಟ್ರು ಸರಿಯಿಲ್ಲ ಅಂತಾರೆ. ನಿಮ್ಮ ಹೆಸರು ಹಾಳು, ಆಫೀಸಿನ ಹೆಸರೂ ಹಾಳು. ಯಾವ ಪುರುಷಾರ್ಥಕ್ಕೆ?”

ಅವಳಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಹಾಗೇ ತಲೆಯಾಡಿಸಿ ಎದ್ದುಬಿಡೋಣವೆನಿಸಿತು. ಆದರೆ ಅಣ್ಣ ಮೂರು ವರ್ಷದ ನಂತರ ಒಂದು ಕಡಸಿಗೆ ಐದನೆಯ ಸಲ ಡಾಕ್ಟರನ್ನು ಕರೆಸುವುದು, ತನಗೇ ಫೋನು ಮಾಡಿ ‘ಯಾಕೆ ಮರೀ ಹೀಗೆ?’ ಎಂದು ಕೇಳುವುದು, ತಾನು ಮೇವಿನ ಮೇಲೆ ತಪ್ಪು ಹಾಕುವುದು, ಎಲ್ಲವೂ ಕಣ್ಣಿಗೆ ಕಟ್ಟಿತು.

“ಇವತ್ತೇ ಹೇಳಿದ್ರೆ ಯಾವ ಕರು ಅಂತ ಗುರುತು ಹಾಕಿ ಇಟ್ಕೋಬಹುದು ಸರ್. ಉಳಿದಿರೋ ಕಡ್ಡಿಗಳನ್ನ ಇನ್ನೊಂದು ಹಸುವಿಗೆ ಹಾಕ್ಸೋದು ತಪ್ಪತ್ತೆ. ಇದನ್ನ ಹೇಳದೇ ನಾನು ಸಹಿ ಹಾಕಲ್ಲ.”

“ಹೆದರಿಸ್ತಿದೀರಾ?”

“ಹೆದರಿದೋಳು ನಾನು ಸರ್,” ಎಂದಳು.

ಅವರು ಎದ್ದು ಕಿಟಕಿಯ ಬಳಿ ಹೋದರು. ಕೆಳಗೆ ಅಂಗಳದಲ್ಲಿ ಆಗಲೇ ವಾಹನಗಳು ಬಂದು ನಿಲ್ಲುತ್ತಿದ್ದವು. “ನಾನು ಹೇಳೋನಲ್ಲ. ಹೇಳೋದಾದ್ರೆ ನೀವೇ ಹೇಳಿ,” ಎಂದು ಭಾಷಣದ ಹಾಳೆಗಳನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ನಾಲ್ಕಕ್ಕೆ ಅವಳು ಮೈಕಿನ ಮುಂದೆ ನಿಂತಳು. ಚಪ್ಪಲಿ ಬಿಟ್ಟು ಓಡಿದ ಕಥೆ ಹೇಳುತ್ತಾಳೆಂದುಕೊಂಡು ಒಂದಿಬ್ಬರು ನಕ್ಕರು. ಅವಳು ಸುತ್ತಿ ಬಳಸದೆ ಹೇಳಿದಳು: ಹನ್ನೊಂದು ಗೂಳಿಗಳ ಅಂಕಿ ತಲೆಕೆಳಗಾಗಿತ್ತು, ತಪ್ಪು ಯಂತ್ರದ್ದಲ್ಲ, ಹೊರದೇಶದವರದಲ್ಲ, ಪತ್ರ ಓದಿಯೂ ಸರಿಪಡಿಸದ ತನ್ನದು. ಹನ್ನೊಂದು ನಂಬರನ್ನೂ ಓದಿದಳು. ಓದುತ್ತಿದ್ದ ಹಾಗೆ ಸಭೆಯಲ್ಲಿ ಅಲ್ಲಲ್ಲಿ ಕುರ್ಚಿ ಕಿರುಗುಟ್ಟಿತು, ಯಾರೋ ಬೈದದ್ದು ಸ್ಪಷ್ಟವಾಗಿ ಕೇಳಿಸಿತು. ‘ನಲವತ್ತೇಳು’ ಎನ್ನುವಾಗ ಅವಳು ಅಣ್ಣ ಕೂತಿದ್ದ ಮೂರನೆಯ ಸಾಲಿನತ್ತ ನೋಡದಿರಲು ಹರಸಾಹಸಪಟ್ಟಳು.

ಅಣ್ಣ ಎದ್ದು ನಿಂತ. ಎಂದೂ ಇಲ್ಲದ್ದು, ಬಹುವಚನದಲ್ಲಿ ಕೇಳಿದ.

“ಮೇಡಂ, ನನ್ನ ಕೊಟ್ಟಿಗೇಲಿ ಆ ಗೂಳಿಗೆ ಒಂಬತ್ತು ಗಬ್ಬ ನಿಂತಿವೆ. ಹೇಳಿದೋರು ನೀವೇ. ನಾನೀಗ ಏನ್ ಮಾಡ್ಲಿ?”

“ಹುಟ್ಟೋ ಹೆಣ್ಣುಕರುಗಳಿಗೆ ಗುರುತು ಹಾಕಿ. ಹಾಲಿಗೆ ಮೋಸ ಇಲ್ಲ. ಎಲ್ಲವೂ ಗೊಡ್ಡಾಗಲ್ಲ, ಆದ್ರೆ ಹೆಚ್ಚಿನವಕ್ಕೆ ತಡ ಆಗತ್ತೆ. ಬೆದೆ ನೋಡೋಕೆ ಎರಡು ಪಟ್ಟು ಕಣ್ಣಿಡಿ. ಅವುಗಳ ಮಕ್ಕಳನ್ನ ತಳಿಗೆ ಇಟ್ಕೋಬೇಡಿ.” ಆಮೇಲೆ ಅವನನ್ನೇ ನೋಡಿ ಹೇಳಿದಳು, “ಇದಕ್ಕಿಂತ ಸಮಾಧಾನದ ಮಾತು ನನ್ನ ಹತ್ರ ಇಲ್ಲ ಅಣ್ಣಾ.”

ಅವನು ಕೂರಲಿಲ್ಲ. ಸಾಲು ದಾಟಿ ಹೊರಗೆ ಹೋದ.

ಆ ವಾರವಿಡೀ ಆಫೀಸಿನ ಫೋನಿಗೆ ಉಸಿರಾಡಲೂ ಬಿಡುವಿರಲಿಲ್ಲ. ಕೆಲವರು ಉಗಿದರು, ಒಬ್ಬ ಮುದುಕ ಮಾತ್ರ ‘ಈಗಲಾದ್ರೂ ಬಾಯಿಬಿಟ್ರಲ್ಲ’ ಎಂದು ಇಟ್ಟುಬಿಟ್ಟ. ಪಟ್ಟಿಗೆ ಇನ್ನು ಮುಂದೆ ಇಬ್ಬರ ಸಹಿ ಬೇಕೆಂಬ ನಿಯಮವನ್ನು ಅವಳೇ ಬರೆದುಕೊಟ್ಟಳು. ಒಂದು ವರ್ಷ ಅವಳ ಸಹಿ ಎರಡನೆಯದಾಯಿತು, ಮೊದಲನೆಯದು ಅವಳಿಗಿಂತ ಹತ್ತು ವರ್ಷ ಕಿರಿಯ ಸಹೋದ್ಯೋಗಿಯದು. ಅವಳು ಅದನ್ನು ಬಾಯಿಮುಚ್ಚಿಕೊಂಡು ನುಂಗಿದಳು. ಡ್ರೈವರು ಚಪ್ಪಲಿಯ ಪ್ರಸಂಗ ಹೇಳುವುದನ್ನು ಕೆಲಕಾಲ ನಿಲ್ಲಿಸಿದ್ದ. ಅವನ ಆ ಮರ್ಯಾದೆಯೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಅಣ್ಣ ಏಳು ತಿಂಗಳು ಮಾತಾಡಲಿಲ್ಲ. ಸುದ್ದಿಯೆಲ್ಲ ಅತ್ತಿಗೆಯ ಬಾಯಿಂದ ಬರುತ್ತಿತ್ತು: ಐದು ಗಂಡು, ನಾಲ್ಕು ಹೆಣ್ಣು. ನಾಲ್ಕಕ್ಕೂ ಕಿವಿಗೆ ಹಳದಿ ಓಲೆ ಹಾಕಿಸಿದ್ದಾನಂತೆ. ಆಮೇಲೆ ಒಂದೊಂದೇ ಮಾತು ಶುರುವಾಯಿತು, ಆದರೆ ಹಸುವಿನ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ.

ಆ ಕಡಸುಗಳು ಬೆಳೆದು, ಒಂದು ಕರು ಹಾಕಿ, ಮತ್ತೆ ಬೆದೆಗೆ ಬಂದ ವರ್ಷ, ಒಂದು ಮಧ್ಯಾಹ್ನ ಅವನೇ ಫೋನು ಮಾಡಿದ.

“ಬರ್ಕೋ. ಒಂದು ಮೊದಲ್ನೇ ಸಲಕ್ಕೇ ನಿಂತಿದೆ. ಒಂದು ಮೂರಕ್ಕೆ, ಒಂದು ಐದಕ್ಕೆ. ಇನ್ನೊಂದು ನಿಲ್ಲೋ ಹಾಗೆ ಕಾಣಲ್ಲ.”

ಅವಳು ಬರೆದುಕೊಂಡಳು.

“ಇದ್ದೀಯಾ?”

“ಇದೀನಿ.”

“ಈ ಸಲ ಹನ್ನೆರಡು ಹಸು ಇವೆ. ಯಾವ ಗೂಳಿ ಹಾಕಿಸ್ಲಿ?”

“ಮೂರು ನಂಬರ್ ಹೇಳ್ತೀನಿ ಅಣ್ಣಾ. ಮೂರಕ್ಕೂ ನಮ್ಮಲ್ಲೇ ಸಾವಿರದ ಮೇಲೆ ಹೆಣ್ಣುಮಕ್ಕಳಿವೆ, ಹೊರಗಿನ ಲೆಕ್ಕ ನಂಬೋ ಅಗತ್ಯ ಇಲ್ಲ. ಆದ್ರೆ ಒಂದೇ ಗೂಳಿನ ಹನ್ನೆರಡಕ್ಕೂ ಹಾಕಿಸ್ಬೇಡ.”

“ಅದು ನನಗೂ ಗೊತ್ತಾಯ್ತು,” ಎಂದ ಅಣ್ಣ. “ನಂಬರ್ ಆಮೇಲೆ. ಆ ಹೊರಗಿನ ಲೆಕ್ಕ ಹೇಗೆ ಹಾಕ್ತೀರಿ, ಅದನ್ನ ಮೊದ್ಲು ಬಿಡಿಸಿ ಹೇಳು. ನಿಧಾನವಾಗಿ ಹೇಳು, ನನಗೇನೂ ಅವಸರ ಇಲ್ಲ.”

ಗೂಳಿಯಕ್ಕ ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿ ಬಂದು ಕೂತಳು. “ಮೊದಲು ದಿನದ ಲೆಕ್ಕ ಅಂದ್ರೇನು ಅಂತ ಹೇಳ್ತೀನಿ, ಕೇಳು,” ಎಂದು ಶುರುಮಾಡಿದಳು.