ಅಂಗೈ ಇಲ್ಲದೆ ಹೋದ ನಲವತ್ತು ಕಾರ್ಡು

ಕಳೆದ ವಾರ ಉದ್ಯಮಬಾಗದ ಕಡೆಯಿಂದ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಆಗಷ್ಟೇ ಮುಖ ತೊಳೆದು ಪೌಡರು ಹಚ್ಚಿಕೊಂಡು ಬಂದಿದ್ದಳು. ಯಾವುದೋ ಕಾರ್ಖಾನೆಯ ಹಿಂಬದಿಯಿಂದ ಕಾದ ರಬ್ಬರಿನ ವಾಸನೆ ಒಳಗೆ ನುಗ್ಗಿತು. ಎರಡೂ ಬೆರೆತವು... ನಾನು ಇಳಿಯಬೇಕಾದ ಸ್ಟಾಪು ದಾಟಿದ್ದು ಗೊತ್ತಾಗಲಿಲ್ಲ. ಮುಖದ ಪೌಡರು ಮತ್ತು ಕಾದ ರಬ್ಬರು ಒಟ್ಟಿಗೆ ನಾರುವ ಕೋಣೆ ನನಗೆ ಗೊತ್ತಿದ್ದದ್ದು ಒಂದೇ. ವಡಗಾವಿಯ ನಮ್ಮ ಗಲ್ಲಿಯಲ್ಲಿ, ನಮ್ಮ ಮನೆಯಿಂದ ಮೂರನೆಯ ಬಾಗಿಲು.

ಆ ಮನೆಯಾಕೆಯನ್ನು ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು. ಗಲ್ಲಿಯ ಉಳಿದ ಮನೆಗಳಲ್ಲಿ ಮಗ್ಗ, ಅವರ ಮನೆಯಲ್ಲಿ ಮಾತ್ರ ರಬ್ಬರ್ ಸ್ಟ್ಯಾಂಪು ಮಾಡುವ ಕೆಲಸ. ನಮ್ಮ ಕಡೆ ಅದಕ್ಕೆ ಶಿಕ್ಕಾ ಅನ್ನುತ್ತಾರೆ. ಕಾಕುವಿನ ಗಂಡ ಅಚ್ಚಿನ ಮೊಳೆ ಜೋಡಿಸಿ ಹೆಸರು ಕೂಡಿಸುತ್ತಿದ್ದರು, ಮುಂದಿನದೆಲ್ಲ ಕಾಕು. ಜೋಡಿಸಿದ ಅಕ್ಷರಗಳನ್ನು ಹಸಿ ಪ್ಲಾಸ್ಟರಿನ ಮೇಲೆ ಒತ್ತಿ, ಅದು ಒಣಗಿದ ಮೇಲೆ ಕಚ್ಚಾ ರಬ್ಬರಿನ ತುಂಡು ಇಟ್ಟು, ಕಬ್ಬಿಣದ ಪ್ರೆಸ್ಸಿನಲ್ಲಿ ಬಿಗಿದು ಒಲೆಯ ಮೇಲೆ ಕಾಯಿಸಬೇಕು. ರಬ್ಬರು ಪ್ಲಾಸ್ಟರಿಗೆ ಅಂಟದಂತೆ ಮೊದಲು ಪೌಡರು ಉದುರಿಸಬೇಕು. ಅವರು ಬಳಸುತ್ತಿದ್ದದ್ದು ಕಿರಾಣಿ ಅಂಗಡಿಯಲ್ಲಿ ಸಿಗುವ ಸಾದಾ ಮುಖದ ಪೌಡರು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅವರ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ಕಾಕು ಮೊಳೆ ಜೋಡಿಸುವುದನ್ನೂ ಕಲಿತು ಒಬ್ಬರೇ ಕೆಲಸ ನಡೆಸಿದರು. ಪೌಡರು ಕೊಳ್ಳುವುದೂ ನಡೆಯಿತು. ಒಂದು ದಿನ ನಳದ ಹತ್ತಿರ ಯಾರೋ, ಅವರಿಗೆ ಕೇಳಲೆಂದೇ, "ಗಂಡ ಸತ್ತು ವರ್ಷ ಆಗಿಲ್ಲ, ತಿಂಗಳಿಗೆ ಎರಡೆರಡ ಡಬ್ಬಿ ಪೌಡರ" ಅಂದರು. ಕಾಕು ಕೊಡ ತುಂಬುವುದನ್ನು ನಿಲ್ಲಿಸಲಿಲ್ಲ.

"ಹೌದವಾ, ಹಚ್ಚತೀನಿ. ಮಾಮಲೇದಾರ ಸಾಹೇಬ್ರ ಹೆಸರಿಗೆ ಹಚ್ಚತೀನಿ. ಎಷ್ಟ ಚಂದ ಕಾಣ್ತಾರ ನೋಡಾಕ ಬರ್ರಿ."

ಮಾಮಲೇದಾರರ ಕಚೇರಿಯಂಥ ಸರಕಾರಿ ಗಿರಾಕಿಗಳು ಕಾಕುವನ್ನು ಕೈಬಿಡಲಿಲ್ಲ. ಕೈಬಿಟ್ಟವರು ಅಂಗಡಿಕಾರರು. ಹೊಸ ಅಂಗಡಿ ತೆರೆಯುವವರು ಶಿಕ್ಕಾವನ್ನು ಲಕ್ಷ್ಮೀ ಪಟದ ಮುಂದಿಟ್ಟು, ಮೊದಲ ಗುರುತನ್ನು ಕುಂಕುಮದಲ್ಲಿ ಒತ್ತುತ್ತಾರೆ. ಅಂಥ ಶಿಕ್ಕಾವನ್ನು ಗಂಡ ಸತ್ತವಳ ಕೈಯಿಂದ ಮಾಡಿಸಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಂದವರು, "ಯಾರ ಮಾಡ್ತಾರ ಈಗ?" ಎಂದು ಕೇಳುತ್ತಿದ್ದರು. "ನಾನಽ" ಎಂದರೆ, "ನಾಳೆ ಬರ್ತೀವಿ" ಎಂದು ಹೋಗುತ್ತಿದ್ದರು. ನಮ್ಮದು ಬಸವಣ್ಣನನ್ನು ನಂಬಿದ ಮನೆಗಳ ಗಲ್ಲಿ. ಹೆಣ್ಣಿಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ನಮ್ಮ ಮನೆಗಳಲ್ಲಿ ಎಲ್ಲರೂ ಹೇಳುತ್ತಾರೆ. ನಾಳೆ ಬರುತ್ತೇವೆ ಎಂದು ಹೋದವರಲ್ಲಿ ನಮ್ಮವರೇ ಹೆಚ್ಚು.

ಕಾಕು ಕಾರ್ಡು ಮಾಡಲು ಶುರು ಮಾಡಿದ್ದು ಈ ಸಿಟ್ಟಿನಿಂದ. ಸಂಕ್ರಮಣಕ್ಕೆ ದೂರದ ಸಂಬಂಧಿಕರಿಗೆ ಒಂದು ಚಿಟಿಕೆ ಕುಸುರೆಳ್ಳನ್ನು ಕಾರ್ಡಿನ ಜೊತೆ ಲಕೋಟೆಯಲ್ಲಿ ಹಾಕಿ ಕಳಿಸುವುದು ನಮ್ಮಲ್ಲಿ ರೂಢಿ. ಶುಭದ ವಸ್ತುವನ್ನು ತನ್ನಿಂದ ಯಾರೂ ಮಾಡಿಸದಿದ್ದರೆ, ಯಾರೂ ಹೇಳದೆಯೇ ತಾನೇ ಮಾಡಿ ಮಾರುವುದು ಎಂದು ಅವರು ಹಟ ಹಿಡಿದರು.

ಪೇಟೆಯ ಕಾರ್ಡುಗಳಲ್ಲಿ ಕಮಲ, ಗಾಳಿಪಟ, ಗಿಳಿ ಇರುತ್ತಿದ್ದವು. ಕಾಕುವಿನ ಕಾರ್ಡುಗಳಲ್ಲಿ ಪ್ರಯಾಣ. ಅವರ ತವರು ಖಾನಾಪುರ. ಮುರಿದ ಮಗ್ಗದ ಕಟ್ಟಿಗೆಯಲ್ಲಿ ಚಿತ್ರ ಕೊರೆದು, ಅದರಿಂದ ರಬ್ಬರಿನ ಶಿಕ್ಕಾ ತೆಗೆಯುತ್ತಿದ್ದರು. ಮಲಪ್ರಭೆಯ ಸೇತುವೆಯ ಮೇಲೆ ಹೊಗೆ ಬಿಡುತ್ತ ಹೋಗುವ ರೈಲು, ಹಲಸಿಯ ಗುಡಿಯ ಶಿಖರ, ಹೆಂಚು ಹೇರಿದ ಚಕ್ಕಡಿ, ಹಗ್ಗ ಬಿಗಿದ ಟ್ರಂಕು. ನಾಲ್ಕೈದು ಶಿಕ್ಕಾಗಳನ್ನು ಬೇರೆ ಬೇರೆ ಬಣ್ಣದಲ್ಲಿ ಒಂದರ ಪಕ್ಕ ಒಂದು ಒತ್ತಿದರೆ ಒಂದು ದಾರಿ ಆಗುತ್ತಿತ್ತು. ಹೂವು ಯಾಕಿಲ್ಲ ಎಂದು ಕೇಳಿದ್ದೆ.

"ಊರಿಗೆ ಹೋಗಾಕ ಆಗಲಾರದವರು ಕಾರ್ಡ ಹಾಕ್ತಾರ. ಹಾದಿ ಕಳಸಬೇಕ ತಂಗಿ. ಹೂವ ತಗೊಂಡ ಏನ್ಮಾಡ್ತಾರ?"

ಒತ್ತಿದ ಮೇಲೆ ತೆಳ್ಳಗಿನ ಚಹಾದಲ್ಲಿ ಅರಿವೆ ಅದ್ದಿ ಕಾರ್ಡಿನ ಅಂಚಿಗೆ ಸವರುತ್ತಿದ್ದರು. ಕಾಗದ ಹಳೆಯ ಪತ್ರದಂತೆ ಕಂದಾಗುತ್ತಿತ್ತು. ಹೊಸದಾಗಿ ಕಂಡರೆ ಅದು ಎಲ್ಲಿಗೂ ಹೋಗಿ ಬಂದಿಲ್ಲ ಎಂದು ಗೊತ್ತಾಗುತ್ತದೆ ಎಂಬುದು ಅವರ ವಾದ. ಕೊನೆಗೆ ಹಿಂಬದಿಯ ಮೂಲೆಯಲ್ಲಿ ಒಂದು ಪುಟ್ಟ ಶಿಕ್ಕಾದ ಗುರುತು ಬೀಳುತ್ತಿತ್ತು. ಹೆಬ್ಬೆರಳ ಉಗುರಿನಷ್ಟು ದೊಡ್ಡದಾದ, ಬಿಚ್ಚಿದ ಅಂಗೈ. ಅದು ಇಲ್ಲದೆ ಅವರ ಒಂದು ಕಾರ್ಡೂ ಮನೆಯಿಂದ ಹೊರಗೆ ಹೋಗುವಂತಿರಲಿಲ್ಲ.

ಮೊದಲ ವರ್ಷ ಪರಿಚಯದವರು ಕೊಂಡರು. ಅಂಗೈ ಯಾರದು ಎಂಬುದು ಊರಿಗೆ ಗೊತ್ತಾಯಿತು. ಎರಡನೆಯ ವರ್ಷ, ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ, ಕಾಕು ನನ್ನನ್ನು ಕರೆದುಕೊಂಡು ಖಡೇಬಜಾರದ ಒಬ್ಬ ಸ್ಟೇಷನರಿ ಅಂಗಡಿಯವರ ಹತ್ತಿರ ಹೋದರು. ಅವರು ಕಾಕುವಿನ ಗಂಡನ ಗೆಳೆಯರು, ಕಾಕುವನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದರು. ಕಾರ್ಡು ತಿರುಗಿಸಿ ಮುರುಗಿಸಿ ನೋಡಿ ಹೊಗಳಿದರು. ಮುನ್ನೂರು ಬೇಕು, ಮುಂದಿನ ಸಾಲಿನಲ್ಲೇ ಇಡುತ್ತೇನೆ ಎಂದರು. ಆಮೇಲೆ ದನಿ ಇಳಿಸಿದರು.

"ಹಿಂದಿನ ಕೈ ಒಂದ ಬಿಟ್ಟಬಿಡ್ರಿ ವೈನಿ. ಹಬ್ಬದ ಸಾಮಾನು. ಮಂದಿ ಮನಸ್ಸು ಹೆಂಗಿರ್ತೈತಿ ನಿಮಗ ಗೊತ್ತೈತಿ."

"ಕೈ ಬಿಟ್ಟ ಹೆಂಗ ಮಾಡ್ಲಿರಿ? ಕಾಲಿಲೆ ಮಾಡ್ಲೇನು?"

"ಚಾಷ್ಟಿ ಅಲ್ಲರಿ..."

"ನಂದೂ ಚಾಷ್ಟಿ ಅಲ್ಲ ಸಾವಕಾರ್ರ. ಕೈ ಇದ್ದ ಕಾರ್ಡ ಬೇಕಂದ್ರ ಹೇಳ್ರಿ. ಇಲ್ಲಂದ್ರ ನಮಸ್ಕಾರ."

ಅವರು ತಲೆ ಕೆರೆದುಕೊಂಡು, ಆಗಲಿ, ತಂದು ಕೊಡಿ, ನೋಡೋಣ ಎಂದರು.

ಸಂಕ್ರಮಣಕ್ಕೆ ಹತ್ತು ದಿನ ಇರುವಾಗ ಕಾಕುವಿನ ತಾಯಿಗೆ ಆರಾಮಿಲ್ಲವೆಂದು ಖಾನಾಪುರದಿಂದ ಕರೆ ಬಂತು. ಮುನ್ನೂರು ಕಾರ್ಡು ಸಿದ್ಧವಾಗಿದ್ದವು, ಅಂಗೈ ಒತ್ತುವುದೊಂದು ಉಳಿದಿತ್ತು. ಅದನ್ನು ನನಗೆ ಒಪ್ಪಿಸಿದರು. ಒತ್ತಿ, ಎಣಿಸಿ, ಅಂಗಡಿಗೆ ಮುಟ್ಟಿಸುವುದು. ಬೇರೆ ಯಾರಿಗೂ ಅವರು ಆ ಶಿಕ್ಕಾ ಕೊಟ್ಟಿರಲಿಲ್ಲ.

ನಾನು ಒತ್ತಲಿಲ್ಲ.

ಇದನ್ನು ಮರೆವು ಎಂದು ಬರೆದುಬಿಡಬಹುದಿತ್ತು. ಮರೆವಲ್ಲ. ಶಿಕ್ಕಾ, ಮಸಿಯ ಪ್ಯಾಡು ಎರಡನ್ನೂ ಮುಂದಿಟ್ಟುಕೊಂಡು ಒಂದು ತಾಸು ಯೋಚಿಸಿದೆ. ಅಂಗೈ ಇದ್ದರೆ ಅವು ಕಪಾಟಿನ ಒಳಗೆ ಬೀಳುತ್ತವೆ, ಇಲ್ಲದಿದ್ದರೆ ಮನೆಮನೆಗೆ ಹೋಗುತ್ತವೆ. ಅವರ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದುಕೊಂಡೆ. ಓದಿದವಳು ನಾನು, ಪೇಟೆಯ ರೀತಿ ನನಗೆ ತಿಳಿಯುತ್ತದೆ ಎಂದೂ ಅನ್ನಿಸಿತ್ತು. ಅಂಗಡಿಯವರು ಮೊದಲ ಕಾರ್ಡಿನ ಬೆನ್ನು ನೋಡಿ, ನನ್ನ ಮುಖ ನೋಡಿ, "ಶಾಣ್ಯಾ ಹುಡಗಿ" ಅಂದರು. ನನಗೆ ಖುಷಿಯಾಗಿತ್ತು.

ಐದನೆಯ ದಿನ ಕಾಕು ಬಂದರು. ಬಸ್ಸಿಳಿದವರು ಮನೆಗೆ ಬರುವ ಮೊದಲು ಅಂಗಡಿಯ ಮುಂದೆ ಹಾದಿದ್ದರು. ಕಾರ್ಡುಗಳು ಬಾಗಿಲಲ್ಲೇ ದಾರಕ್ಕೆ ತೂಗುತ್ತಿದ್ದವಂತೆ. ಒಂದನ್ನು ತಿರುಗಿಸಿ ನೋಡಿದ್ದರು. ನಮ್ಮ ಮನೆಗೆ ಬಂದು ಹೊಸ್ತಿಲ ಆಚೆಯೇ ನಿಂತರು.

"ಶಿಕ್ಕಾ ತಗೊಂಡ ಬಾ. ಪ್ಯಾಡನೂ."

ಅವರ ಹಿಂದೆ ಖಡೇಬಜಾರಕ್ಕೆ ನಡೆದೆ. ಮಧ್ಯಾಹ್ನದ ಹನ್ನೆರಡು ಗಂಟೆ, ಹಬ್ಬದ ಮುಂಚಿನ ಗದ್ದಲ. ಅಂಗಡಿಯ ಕಟ್ಟೆ ಹತ್ತಿ ಕಾಕು ಹೇಳಿದರು:

"ಸಾವಕಾರ್ರ, ಒಂದ ಸ್ಟೂಲ ಕೊಡ್ರಿ. ಕೆಲಸ ಅರ್ಧಾ ಉಳದೈತಿ."

ಅವರಿಗೆ ಕ್ಷಣದಲ್ಲಿ ಎಲ್ಲ ತಿಳಿಯಿತು. "ಗಿರಾಕಿ ನಿಂತಾರ ವೈನಿ. ಒಳಗ ಬರ್ರಿ, ಒಳಗ ಕುಂತ ಹೊಡೀರಿ."

"ಒಳಗ್ಯಾಕ? ಕಳುವಿನ ಮಾಲ ಏನು?"

ದಾರದಿಂದ ಕಾರ್ಡುಗಳನ್ನು ತಾವೇ ಇಳಿಸಿದರು. ಕಟ್ಟುಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಒಂದೊಂದನ್ನೇ ಮಗುಚಿ ಕೊಡಬೇಕು, ಅವರು ಒತ್ತಬೇಕು. ಹಸಿರು ಬಳೆ ತೊಟ್ಟ ಒಬ್ಬಳು ಮೊದಲೇ ಆರಿಸಿಟ್ಟುಕೊಂಡ ನಾಲ್ಕು ಕಾರ್ಡು ಹಿಡಿದು ನಿಂತಿದ್ದಳು. ಇದೇನು ಗುರುತು ಎಂದು ಕೇಳಿದಳು.

"ನಂದವ್ವಾ. ಮಾಡಿದಾಕಿ ನಾನು. ನನ್ನ ಗಂಡ ತೀರಿ ನಾಕ ವರ್ಷ ಆತು. ಬೇಕಂದ್ರ ತಗೋ, ಬ್ಯಾಡಂದ್ರ ಇಡು. ತಿಳೀಲಾರದ ಮಾತ್ರ ತಗೋಬ್ಯಾಡ."

ಅವಳು ನಾಲ್ಕನ್ನೂ ಮೆಲ್ಲಗೆ ಕೆಳಗಿಟ್ಟಳು. ಇಟ್ಟ ಮೇಲೆ ಸೆರಗಿಗೆ ಬೆರಳು ಒರೆಸಿಕೊಂಡಳು. ಕಾಕು ಅದನ್ನು ನೋಡಿದರು. ಆ ನಾಲ್ಕಕ್ಕೂ ಅಂಗೈ ಒತ್ತಿದರು.

"ನೋಡಿದ್ರಿಲ್ಲ ವೈನಿ" ಎಂದರು ಅಂಗಡಿಯವರು. "ನನಗೇನಿಲ್ಲ ಖರೇ. ಮಂದಿಗೆ ನಡಿಯೂದಿಲ್ಲ."

ಕಾಕು ಶಿಕ್ಕಾ ಕೆಳಗಿಟ್ಟು ಎಡಗೈ ಬಿಚ್ಚಿ ತೋರಿಸಿದರು. "ದಿನಾ ಮುಂಜಾನೆ ಈ ಕೈಯಾಗ ಲಿಂಗ ಇಟಗೊಂಡ ಪೂಜಿ ಮಾಡ್ತೀನಿ. ಅವಗ ನಡೀತೈತಿ. ನಿಮ್ಮ ಗಿರಾಕಿ ಅವನಕಿಂತ ದೊಡ್ಡವರೇನು?"

ಪೆನ್ನು ಕೊಳ್ಳಲು ಬಂದಿದ್ದ ಒಬ್ಬ ಮುದುಕರು ಕೆಮ್ಮಿದರು. ಇನ್ನೂರ ಅರವತ್ತು ಕಾರ್ಡು ಮುಗಿಯುವವರೆಗೂ ಕಾಕು ಏಳಲಿಲ್ಲ. ಮುಗಿದ ಮೇಲೆ ಅಂಗಡಿಯವರು ಕಟ್ಟುಗಳನ್ನು ನೋಡುತ್ತ, ಇವನ್ನು ಇಟ್ಟುಕೊಳ್ಳಲಾರೆ, ತಪ್ಪು ತಿಳಿಯಬೇಡಿ ಎಂದರು. ತಪ್ಪು ತಿಳಿಯುವುದಿಲ್ಲ ಎಂದು ಹೇಳಿ ಕಾಕು ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡರು.

ಗಲ್ಲಿಯ ತಿರುವಿನಲ್ಲಿ ಮೊದಲ ಸಲ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ನಲವತ್ತ ಮಾರಿ ಹೋಗ್ಯಾವು. ಅವನ್ನ ಹೆಂಗ ತರ್ತಿ?"

"ನಿಮಗ ಒಳ್ಳೇದಾಗಲಿ ಅಂತ..."

"ಒಳ್ಳೇದು ಕೇಳಿದ್ದಿಲ್ಲ ತಂಗಿ. ಕೈ ಒತ್ತು ಅಂದಿದ್ದೆ."

ಸಂಕ್ರಮಣದ ಹಿಂದಿನ ದಿನ, ಭೋಗಿಯ ಬೆಳಿಗ್ಗೆ, ನನ್ನನ್ನು ಕರೆದುಕೊಂಡು ಖಾನಾಪುರ ಸ್ಟೇಷನ್ನಿಗೆ ಹೋದರು. ಲೋಂಡಾ ಕಡೆಯ ಗಾಡಿಗಳು ನಿಲ್ಲುವ ಪ್ಲಾಟ್‌ಫಾರ್ಮಿನಲ್ಲಿ ಕೌದಿ ಹಾಸಿ ಕಾರ್ಡು ಹರಡಿದರು. ಹಬ್ಬಕ್ಕೆ ಊರಿಗೆ ಹೋಗುವವರು, ತಾವು ಹೋಗಲಾರದೆ ಅವರನ್ನು ಕಳಿಸಲಷ್ಟೇ ಬಂದವರು ತುಂಬಿದ್ದರು. ಕೊಳ್ಳುವವರಿಗೆ ಯಾರು ಮಾಡಿದ್ದು ಎಂದು ಮೊದಲೇ ಹೇಳಬೇಕು, ಹೇಳುವವಳು ನಾನು. ಅದು ಅವರು ನನಗೆ ಕೊಟ್ಟ ಕೆಲಸ. ತರಗತಿಯಲ್ಲಿ ಹಾಜರಿ ಕೂಗಿದಾಗಲೂ ದನಿ ಏರದ ನಾನು, ಗೊತ್ತಿಲ್ಲದ ಜನರ ಎದುರು ನಿಂತು, ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ, "ಇವನ್ನು ಮಾಡಿದವರ ಗಂಡ ತೀರಿಕೊಂಡಿದ್ದಾರೆ, ನಡೆಯುವುದಾದರೆ ತಗೊಳ್ಳಿ" ಎಂದು ಹೇಳಬೇಕಿತ್ತು. ಮೊದಲ ಎರಡು ಸಲ ಕಾರ್ಡುಗಳ ಕಡೆ ನೋಡುತ್ತ ಗೊಣಗಿದೆ. "ಜೋರ ಹೇಳು" ಎಂದರು ಕಾಕು. "ಗಾಡಿ ಸಪ್ಪಳದಾಗ ಕೇಳಬೇಕು."

ಎಷ್ಟೋ ಜನ ಕೈಯಲ್ಲಿದ್ದ ಕಾರ್ಡು ಇಟ್ಟು ಹೋದರು. ಒಬ್ಬಾತ, ಹಬ್ಬದ ದಿನ ಇದೇನು ಹಚ್ಚಿದ್ದೀರಿ ಎಂದು ಗದರಿಸಿದ. ಆಮೇಲೆ ಹೆಂಗಸರ ಡಬ್ಬಿಯ ಕಿಟಕಿಯಿಂದ ಒಬ್ಬ ಮುದುಕಿ ಕೈ ಹೊರಗೆ ಚಾಚಿದಳು. ಹಣೆಯ ಮೇಲೆ ವಿಭೂತಿ ಮಾತ್ರ ಇತ್ತು.

"ಏನ ಅಂದಿ? ಇನ್ನೊಮ್ಮಿ ಹೇಳು."

ಹೇಳಿದೆ.

"ನನ್ನಾವನೂ ಸತ್ತಾನ. ಸಾಯೂದ ಅವನ ಕೆಲಸ, ಮಾಡಿ ಹೋದ. ಮಗಳಿಗೆ ಕಾರ್ಡ ಹಾಕೂದ ನನ್ನ ಕೆಲಸ. ಎರಡ ಕೊಡು, ರೈಲಿಂದು."

ಕಾಕು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಸಂಜೆಯ ಹೊತ್ತಿಗೆ ಮೂವತ್ತೊಂದು ಹೋದವು. ಒಂದೊಂದೂ ತಿಳಿದೇ ಕೊಂಡದ್ದು. ಉಳಿದವನ್ನು ನೂಲಿನಿಂದ ಕಟ್ಟಿ ವಾಪಸು ತಂದೆವು. ಮರುವರ್ಷ ಕಾಕು ಅದೇ ಪ್ಲಾಟ್‌ಫಾರ್ಮಿಗೆ ಮತ್ತೆ ಹೋದರು, ಅದರ ಮುಂದಿನ ವರ್ಷವೂ. ಅಷ್ಟರಲ್ಲಿ ನಾನು ಎಂ.ಎ. ಓದಲು ಧಾರವಾಡಕ್ಕೆ ಹೋಗಿದ್ದೆ. ಸಂಕ್ರಮಣಕ್ಕೆ ಬಂದಾಗಲೆಲ್ಲ ಅವರ ಮನೆಗೆ ಹೋಗಿ ಎಳ್ಳು ಕೊಟ್ಟು ಬರುತ್ತಿದ್ದೆ. ಅವರು ಚಹಾ ಮಾಡಿ ಕೊಡುತ್ತಿದ್ದರು, ಓದಿನ ಬಗ್ಗೆ ಕೇಳುತ್ತಿದ್ದರು. ಆದರೆ ಅಂಗೈ ಶಿಕ್ಕಾವನ್ನು ಮತ್ತೆ ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ...

ಕಾಕು ಹೋಗಿ ಈಗ ಮೂರು ವರ್ಷ. ಆಗ ಬೇರೆ ಊರಿನಲ್ಲಿದ್ದ ನನಗೆ ತಿಳಿದದ್ದು ಅವ್ವನ ಪತ್ರದಿಂದ, ಮಣ್ಣು ಮಾಡಿ ಹತ್ತು ದಿನಗಳಾದ ಮೇಲೆ. ಆ ಕೋಣೆಯಲ್ಲಿ ಈಗ ಯಾರೋ ಸೀರೆಯ ಗಂಟುಗಳನ್ನು ಪೇರಿಸಿಟ್ಟಿದ್ದಾರೆ. ಶಿಕ್ಕಾಗಳನ್ನು, ಕಟ್ಟಿಗೆಯ ಅಚ್ಚುಗಳನ್ನು ಅವರ ಮೈದುನನ ಮನೆಯವರು ಏನು ಮಾಡಿದರೋ ಗೊತ್ತಿಲ್ಲ. ಕೇಳಿದಾಗ, "ರಬ್ಬರ ಅಲ್ಲೇನು, ಒಲಿಗೆ ಹಾಕಿರಬೇಕು" ಎಂದರು. ನನ್ನ ಹತ್ತಿರ ಅವರ ಒಂದು ಕಾರ್ಡೂ ಇಲ್ಲ.

ಮಾರಿ ಹೋದವನ್ನು ಹೇಗೆ ತರುತ್ತೀ ಎಂದು ಅವರು ಅಂದು ಕೇಳಿದ್ದರು. ಆ ನಲವತ್ತು ಕಾರ್ಡು ಪುಣೆಗೋ ಹುಬ್ಬಳ್ಳಿಗೋ ಮುಂಬಯಿಗೋ ಹೋಗಿ ಯಾರ ಯಾರದೋ ಟ್ರಂಕಿನ ತಳದಲ್ಲಿ ಇರಬಹುದು. ತರಲಾರೆ. ಒಂದು ಮಾತು ಮಾತ್ರ ಹೇಳಬಲ್ಲೆ, ಅದನ್ನೇ ಹೇಳಲು ಕೂತಿದ್ದೇನೆ. ನಿಮ್ಮ ಮನೆಯಲ್ಲಿ ಅಂಚು ಕಂದಾದ ಒಂದು ಹಳೆಯ ಸಂಕ್ರಮಣದ ಕಾರ್ಡು ಸಿಕ್ಕರೆ, ಅದರಲ್ಲಿ ನದಿಯ ಸೇತುವೆಯ ಮೇಲೆ ರೈಲು ಹೋಗುತ್ತಿದ್ದರೆ, ಬೆನ್ನು ತಿರುಗಿಸಿ ನೋಡಿ. ಅಲ್ಲಿ ಏನೂ ಇರದಿದ್ದರೆ ಅದು ನನ್ನ ತಪ್ಪು. ಅದನ್ನು ಮಾಡಿದವರು ವಡಗಾವಿಯ ನಮ್ಮ ಕಾಕು. ಗಂಡ ತೀರಿದ ಮೇಲೆ ಮಾಡಿದ್ದು. ನೀವು ಅದರ ಜೊತೆ ಬಂದ ಎಳ್ಳು ತಿಂದಿದ್ದೀರಿ, ಹಬ್ಬ ಮಾಡಿದ್ದೀರಿ, ನಿಮಗೆ ಏನೂ ಆಗಿಲ್ಲ.