ಹಸೆಮಣೆಯ ಎಂಟು ಕಾಲು

ನಮ್ಮ ಮನೆತನದಲ್ಲಿ ಹಸೆಮಣೆಯನ್ನು ಹೆಣ್ಣಿನ ಸೋದರಮಾವನೇ ಮಾಡಿಸಿ ಕೊಡಬೇಕು. ಮಾವನೇ ಮರಗೆಲಸದವನಾದರೆ ಮಾಡಿಸುವ ಮಾತೆಲ್ಲಿ ಬಂತು, ಕೂತು ಮಾಡುವುದೇ. ಎರಡು ಸಾವಿರದ ಇಸವಿಯ ಆಚೀಚೆ, ತಂಗಿಯ ಮಗಳ ಮದುವೆ ಗೊತ್ತಾದಾಗ ಆ ಸರದಿ ನನಗೆ ಬಂತು. ಧನುರ್ಮಾಸ ಹುಟ್ಟುವ ಮೊದಲು ಕೊರಳಿಗೆ ತಾಳಿ ಬೀಳಬೇಕೆಂದು ಎಲ್ಲರಿಗೂ ಅವಸರ. ತಂಗಿ ನೊಣವಿನಕೆರೆಯಿಂದ ಬಸ್ಸು ಹತ್ತಿ ತಿಪಟೂರಿಗೆ ಬಂದವಳು, ಕಾಫಿ ಲೋಟ ಕೈಗೆ ಕೊಡುವ ಮೊದಲೇ ಶುರುಮಾಡಿದಳು.

"ಅಣ್ಣಯ್ಯ, ನನ್ ಮದ್ವೇಲಿ ಮಣೆ ಅಲ್ಲಾಡಿದ್ದು ನೆನಪೈತಾ? ನಮ್ಮತ್ತೆ ಇವತ್ತಿಗೂ ಆಡ್ಕೋತಾರೆ. ಮಗಳ ಮದ್ವೇಲೂ ಹಂಗಾದ್ರೆ ನಾನು ಆ ಮನೇಲಿ ತಲೆ ಎತ್ತಂಗಿಲ್ಲ ಕಣಣ್ಣ."

ನೆನಪಿಲ್ಲದೆ ಏನು? ಆಗ ನಮ್ಮ ಸೋದರಮಾವನ ಪರವಾಗಿ ಆ ಮಣೆ ಮಾಡಿದವನು ನಾನೇ. ಹೊಸದಾಗಿ ಕೈಗರಗಸ ಹಿಡಿದ ಉಮೇದು. ಗಂಡು ತಾಳಿ ಕಟ್ಟಲು ಬಗ್ಗಿದಾಗ ಮಣೆ ಟಕ್ಕೆಂದು ಕುಂಟಿ, ಆತ ಪಕ್ಕದಲ್ಲಿದ್ದವರ ಭುಜ ಹಿಡಿದುಕೊಂಡಿದ್ದ.

ಈ ಸಲ ನನ್ನ ಹತ್ತಿರ ಮಿಷಿನ್ನಿತ್ತು. ತುಮಕೂರಿನಲ್ಲಿ ಅಂಗಡಿ ಮುಚ್ಚಿದ ಗೆಳೆಯನೊಬ್ಬನಿಂದ ತಂದ ಹಳೇ ಕಟಿಂಗ್ ಮಿಷಿನ್ನು. ದುಂಡು ಬ್ಲೇಡು ಮೇಲಿನಿಂದ ಇಳಿದು ಮರ ಕೊಯ್ಯುತ್ತದೆ. ಕೆಳಗಿನ ತಟ್ಟೆ ತಿರುಗಿಸಿದರೆ ಓರೆ ಕೊಯ್ತ. ಸೊನ್ನೆಯ ಗುರುತಿಗೆ ತಂದಾಗ ಅದನ್ನು ಹಿಡಿದಿಡುವ ಪಿನ್ನು ತನ್ನ ಗುಂಡಿಗೆ ಪೂರ್ತಿ ಇಳಿದು ಕೂತರೆ ನೇರ ಕೊಯ್ತ. ಮರ ಒರಗಿಸಲು ಹಿಂದೆ ಒಂದು ಕಬ್ಬಿಣದ ಪಟ್ಟಿ. ವಯಸ್ಸಾಗಿತ್ತು, ಮೈಯೆಲ್ಲ ಸಡಿಲ, ತಟ್ಟೆ ತಿರುಗಿಸಿದರೆ ಕಿರ್ರೆನ್ನುತ್ತಿತ್ತು. ಆದರೂ ನನಗೆ ಅದರ ಮೇಲೆ ಪ್ರೀತಿ.

ಹೆಣ್ಣಿಗೊಂದು ಗಂಡಿಗೊಂದು ಮಣೆಯೆಂದು ಹಲಸಿನ ಹಲಗೆ ಎರಡು, ನಾಲ್ಕು ಬೆರಳೆತ್ತರದ ಚೌಕದ ಕಾಲು ಎಂಟು. ಮಣೆಯ ಮರ್ಯಾದೆಯೆಲ್ಲ ಆ ಕಾಲುಗಳ ಕೊಯ್ತದಲ್ಲಿದೆ. ಕೊಯ್ತ ಕೂದಲೆಳೆಯಷ್ಟು ಓರೆಯಾದರೂ ಕಾಲು ವಾಲುತ್ತದೆ, ಮಣೆ ಕುಂಟುತ್ತದೆ. ಒಂದು ಮಧ್ಯಾಹ್ನ ಹೊಸ ಬ್ಲೇಡು ಹಾಕಿ, ಮೂಲೆ ನೇರವಿದೆಯೇ ನೋಡುವ ಮೂಲೆಮಟ್ಟ ಹಿಡಿದು ಪಟ್ಟಿಯನ್ನು ಸರಿಮಾಡಿದೆ. ಆಮೇಲೆ ಅಜ್ಜ ಹೇಳಿಕೊಟ್ಟ ಪರೀಕ್ಷೆ: ಮರದ ಒಂದು ರೀಪನ್ನು ಅಡ್ಡಕ್ಕೆ ಎರಡು ತುಂಡಾಗಿ ಕೊಯ್ದು, ಒಂದು ತುಂಡನ್ನು ಮಗುಚಿ, ಕೊಯ್ದ ಬಾಯಿಗೆ ಬಾಯಿ ಕೂಡಿಸಬೇಕು. "ಮೂಲೆಮಟ್ಟ ಮುಲಾಜು ನೋಡ್ತದೆ, ಮಗುಚಿದ ಮರ ನೋಡಕಿಲ್ಲ, ತಪ್ಪನ್ನ ಎರಡು ಮಾಡಿ ತೋರಿಸ್ತದೆ" ಅನ್ನುತ್ತಿದ್ದ. ಕೂಡಿಸಿದೆ. ಸಂದಿನಲ್ಲಿ ಬೆಳಕೂ ತೂರಲಿಲ್ಲ.

ಆ ದಿನಗಳಲ್ಲಿ ಕರೆಂಟು ಅದರಿಷ್ಟ. ಹೆಚ್ಚಾಗಿ ಬೆಳಗ್ಗೆ ಆರಕ್ಕೆ ಬಂದು ಒಂಬತ್ತಕ್ಕೆ ಹೋಗುವುದು. ಮರುದಿನ ಚಳಿಯಲ್ಲಿ ಮಫ್ಲರು ಸುತ್ತಿಕೊಂಡು ನಾಲ್ಕು ಕಾಲು ಕೊಯ್ದೆ. ನೆಲಕ್ಕಿಟ್ಟರೆ ನಾಲ್ಕೂ ಒಂದೇ ಕಡೆ ವಾಲಿದವು. ಪಟ್ಟಿ ಸರಿದಿರಬೇಕೆಂದು ಅದನ್ನೇ ಒಂದು ಚೂರು ತಿರುಗಿಸಿ ಬಿಗಿದೆ. ಭಾನುವಾರ ಮಧ್ಯಾಹ್ನ ಕರೆಂಟು ಬಂತು, ಮತ್ತೆ ನಾಲ್ಕು ಕೊಯ್ದೆ. ಅವು ಈ ಸಲ ಎದುರು ಕಡೆಗೆ ವಾಲಿದವು! ಎಂಟು ಕಾಲಿನ ಹಲಸು ಸೌದೆಯಾಯಿತು. ಉಳಿದದ್ದು ಇನ್ನು ಎಂಟೇ ಕಾಲಿಗೆ ಆಗುವಷ್ಟು. ಮದುವೆಗೆ ನಾಲ್ಕು ದಿನ.

"ಈ ದರಿದ್ರ ಮಿಷಿನ್ನು..." ಅಂತ ಬೈಯುತ್ತಿದ್ದರೆ ಅವ್ವ ಒಳಗಿನಿಂದಲೇ ತಿವಿದಳು: "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ನಿಮ್ಮಜ್ಜಂಗೆ ಯಾವ್ ಮಿಷಿನ್ ಇತ್ಲಾ?"

ಮಾರನೆಯ ಬೆಳಗ್ಗೆ ಮೂಲೆಮಟ್ಟ ಹಿಡಿದುಕೊಂಡು ಸುಮ್ಮನೆ ಜಗುಲಿಯ ಮೇಲೆ ಕೂತಿದ್ದೆ. ಅವ್ವ ತಲೆ ಬಾಚಿಕೊಳ್ಳಲು ಬಂದವಳು ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಿಸಿಲಿಗಿಟ್ಟು ಕಾಯತೊಡಗಿದಳು. ಎಣ್ಣೆ ಬೆಳ್ಳಗೆ ಬೆಣ್ಣೆಯಂತೆ ಹೆಪ್ಪುಗಟ್ಟಿತ್ತು. ಅದು ತಳದಲ್ಲಿ ನಿಧಾನಕ್ಕೆ ಕರಗುವುದನ್ನು ನೋಡುತ್ತ ನೋಡುತ್ತ, ಮಿಷಿನ್ನಿನ ತಟ್ಟೆಯ ಕಿರ್ರು ಈಚೆಗೆ ಕೇಳಿಸದಿರುವುದು ನೆನಪಾಯಿತು.

"ಅವ್ವ, ಮಿಷಿನ್ನಿಗೇನಾರ ಎಣ್ಣೆ ಬುಟ್ಟಿದ್ಯಾ?"

"ಇನ್ನೇನು ಮತ್ತೆ? ಕಿರ್ರೋ ಅಂತಿತ್ತು, ಪಾಪ. ದಿನಾ ಸಂಜೆ ದೀಪ ಹಚ್ಚಿದ್ ಮೇಲೆ ತಟ್ಟೆ ತಿರುಗ್ಸಿ ಅದ್ಕೂ ಎರಡು ತೊಟ್ಟು ಬುಡ್ತೀನಿ."

ಹೋಗಿ ತಟ್ಟೆಯ ಕೆಳಗೆ ಬೆರಳಾಡಿಸಿದೆ. ಪಿನ್ನು ಕೂರುವ ಗುಂಡಿಯಲ್ಲಿ ಎಣ್ಣೆಯೂ ಮರದ ಹೊಟ್ಟೂ ಸೇರಿ ಗಟ್ಟಿ ಮುದ್ದೆ. ಬೆಳಗಿನ ಚಳಿಗೆ ಅದು ಹೆಪ್ಪುಗಟ್ಟಿದಾಗ ಪಿನ್ನು ಪೂರ್ತಿ ಇಳಿಯದೆ ತಟ್ಟೆ ಒಂದೆಳೆ ಓರೆಯಾಗೇ ನಿಲ್ಲುತ್ತಿತ್ತು. ಮಧ್ಯಾಹ್ನದ ಬಿಸಿಗೆ ಕರಗಿದರೆ ಸರಿಯಾಗಿ ಕೂರುತ್ತಿತ್ತು. ಬೆಳಗಿನ ತಪ್ಪಿಗೆಂದು ನಾನು ಪಟ್ಟಿ ತಿರುಗಿಸಿದೆ, ಮಧ್ಯಾಹ್ನ ಅದೇ ತಪ್ಪಾಯಿತು. ನಮ್ಮ ಕಡೆ ತಲೆಗೂ ಅದೇ, ಬಾಗಿಲ ಕೀಲಿಗೂ ಅದೇ, ಹೊಲಿಗೆ ಮಿಷಿನ್ನಿಗೂ ಅದೇ ಎಣ್ಣೆ. ಇದೊಂದಕ್ಕೆ ಆಗದು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

"ಅವ್ವ, ಇದಕ್ಕೆ ಕೊಬ್ಬರಿ ಎಣ್ಣೆ ಆಗಾಕಿಲ್ಲ" ಅಂದೆ, ಆದಷ್ಟು ಮೆತ್ತಗೆ.

"ಹುಟ್ಟಿದಾಗಿಂದ ನಿನ್ ನೆತ್ತಿಗೆ ತಟ್ಟಿದ್ದೂ ಅದೇ ಎಣ್ಣೆ ಕಣ್ಲಾ. ಅದೇನ್ ಕೆಟ್ಟೋಗೈತಾ?" ಅಂದವಳು ತಲೆ ಬಾಚುವುದನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋದಳು. ಮುನಿಸಿಕೊಂಡಳು ಅಂದುಕೊಂಡೆ. ಸೀಮೆಎಣ್ಣೆಯ ಡಬ್ಬ ತಂದು ನನ್ನ ಪಕ್ಕ ಕುಕ್ಕಿದಳು.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಂಡಿಯನ್ನೂ ಪಿನ್ನನ್ನೂ ತಿಕ್ಕಿ ತೊಳೆದೆ. ಪಟ್ಟಿಯನ್ನು ಮತ್ತೆ ಮೂಲೆಮಟ್ಟಕ್ಕೆ ಕೂಡಿಸಿದೆ. ಮರುದಿನ ಕೊರೆಯುವ ಚಳಿಯಲ್ಲೇ ರೀಪು ಕೊಯ್ದು, ಮಗುಚಿ, ಕೂಡಿಸಿದೆ: ಸಂದಿಲ್ಲ. ಎಂಟು ಕಾಲು ಕೊಯ್ದೆ. ಬ್ಲೇಡು ನಿಂತ ಮೇಲೆಯೇ ಎತ್ತುತ್ತಿದ್ದೆ, ಅವಸರ ಮಾಡಲಿಲ್ಲ. ಎಂಟೂ ನೆಲದ ಮೇಲೆ ನೆಟ್ಟಗೆ ನಿಂತವು.

ಮದುವೆಯ ದಿನ ಗಂಡು ತಾಳಿ ಹಿಡಿದು ಬಗ್ಗಿದಾಗ ಓಲಗ ಜೋರಾಯಿತು. ನನ್ನ ಕಣ್ಣು ಮಾತ್ರ ಮಣೆಯ ಕಾಲಿನ ಮೇಲೇ. ಮಣೆ ಮಿಸುಕಲಿಲ್ಲ. ತಂಗಿ ಅಕ್ಷತೆ ಹಾಕುವುದನ್ನೂ ಮರೆತು ನನ್ನನ್ನೇ ನೋಡಿ ಕಣ್ಣೊರೆಸಿಕೊಂಡಳು. ಹುಡುಗಿ ಎದ್ದ ಮೇಲೆ ತಂಗಿಯ ಅತ್ತೆ ಬಗ್ಗಿ, ನಾಲ್ಕು ಮೂಲೆಯನ್ನೂ ಅಂಗೈಯಲ್ಲಿ ಒತ್ತಿ ನೋಡಿದರು.

"ಈ ಸಲ ಗಟ್ಟಿಯಾಗಿ ಕೂತೈತೆ ಕಣಪ್ಪ" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅವ್ವ ಸೆರಗು ಸರಿಮಾಡಿಕೊಂಡಳು. "ಕೂರ್ದೆ ಏನ್ರೀ? ದಿನಾ ಎಣ್ಣೆ ಬುಟ್ಟು ನೋಡ್ಕೊಂಡಿರೋ ಮಿಷಿನ್ನು ಅದು!"